ಬೆಕ್ಕಿನ ಮರಿಗಳನ್ನು ಹೊಳೆ ದಾಟಿಸುವ ನಾವು

ಮಳೆಗಾಲ ಹಿಡಿಯುವ ಹೊತ್ತಿಗೆ ನಾವು ಕಲಿಸುವ ಮದ್ರಸದ ಗೇಟಿನ ಬಳಿ ಗೋಣಿಚೀಲವೊಂದು ಬಂದು ಬೀಳುವುದು ಈಗ ವಾಡಿಕೆಯೇ ಆಗಿಬಿಟ್ಟಿದೆ. ಸುಬಹಿ ನಮಾಝಿಗೆ ಬರುವವರಿಗೆ ಮೊದಲು ಕೇಳಿಸುವುದು ಅದರ ಸದ್ದು. ಮಳೆಯ ನಡುವೆ ಅದು ಹಕ್ಕಿಯ ಕೂಗೋ, ಹುಳದ ದನಿಯೋ ಎಂದು ಸಂಶಯವಾಗುತ್ತದೆ. ಹತ್ತಿರ ಹೋದರೆ ಚೀಲ ಅಲುಗಾಡುತ್ತಿರುತ್ತದೆ. ಈ ವರ್ಷ ಜೂನ್ ಮೊದಲ ವಾರದಲ್ಲಿ ಬಂದ ಚೀಲದಲ್ಲಿ ಐದು ಬೆಕ್ಕಿನ ಮರಿಗಳಿದ್ದವು. ಕಣ್ಣು ತೆರೆದು ಹೆಚ್ಚು ದಿನವಾಗಿರಲಿಲ್ಲ. ಚೀಲದ ಬಾಯಿಯನ್ನು ಪ್ಲಾಸ್ಟಿಕ್ ಹಗ್ಗದಿಂದ ಸಡಿಲವಾಗಿ ಕಟ್ಟಿ, ಒಳಗೆ ಒಂದು ಹಿಡಿ ಅನ್ನವನ್ನೂ ಬೂತಾಯಿ ಮೀನಿನ ಎರಡು ತುಂಡುಗಳನ್ನೂ ಹಾಕಿದ್ದರು. ತಂದು ಬಿಟ್ಟವರು ನಿರ್ದಯಿಗಳಲ್ಲ ಎಂಬುದು ಆ ಮೀನಿನ ತುಂಡುಗಳಿಂದಲೇ ತಿಳಿಯುತ್ತಿತ್ತು. ಆದರೆ ಆ ಮರಿಗಳಿಗೆ ಮೀನು ಜಗಿಯುವ ಹಲ್ಲು ಬಂದಿರಲಿಲ್ಲ.

ಅಂದು ಬೆಳಗಿನ ತರಗತಿಯಲ್ಲಿ ಪಾಠ ನಡೆಯಲಿಲ್ಲ. ಮಕ್ಕಳೆಲ್ಲ ಚೀಲದ ಸುತ್ತ ಕುಳಿತರು. ಮೂರನೆಯ ತರಗತಿಯ ಹುಡುಗಿಯೊಬ್ಬಳು ನಮ್ಮನ್ನು ಕೇಳಿದಳು: “ಉಸ್ತಾದ್, ಇವನ್ನು ಇಲ್ಲಿ ತಂದು ಹಾಕಿದವರೂ ಆ ಹೆಂಗಸಿನ ಹಾಗೆಯೇ ಅಲ್ಲವಾ?” ಹಿಂದಿನ ವಾರವಷ್ಟೇ ನಾವು ಅವರಿಗೆ ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ ಸ್ತ್ರೀಯ ಹದೀಸನ್ನು ಕಲಿಸಿದ್ದೆವು. ನಾವು ತಕ್ಷಣ ಉತ್ತರಿಸಲಿಲ್ಲ. ಉತ್ತರ ಗೊತ್ತಿಲ್ಲದೆ ಅಲ್ಲ. ಹನ್ನೊಂದರ ವಯಸ್ಸಿನಲ್ಲಿ, ಮನೆಯ ಹಿರಿಯರ ಮಾತಿನಂತೆ, ಅಂಥದ್ದೇ ಒಂದು ಚೀಲವನ್ನು ಹೆಗಲ ಮೇಲೆ ಹೊತ್ತು ಕುಮಾರಧಾರಾ ಹೊಳೆಯನ್ನು ದಾಟಿದವರು ನಾವೇ. ಹೊಳೆ ದಾಟಿಸಿದರೆ ಬೆಕ್ಕು ಮರಳಿ ಮನೆಗೆ ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅಂದು ಆಚೆ ದಡದ ತೋಟದ ಬೇಲಿಯ ಪಕ್ಕ ಚೀಲ ಬಿಚ್ಚಿ, ಹಿಂದಿರುಗಿ ನೋಡದೆ ಓಡಿ ಬಂದಿದ್ದೆವು. ಮನೆಯಲ್ಲಿ ನಮಗೆ ಚಹಾದ ಜೊತೆ ಎರಡು ಬಿಸ್ಕತ್ತು ಹೆಚ್ಚು ಸಿಕ್ಕಿತ್ತು.

ಈ ಪದ್ಧತಿ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಜಾತಿಮತಗಳ ಭೇದವಿಲ್ಲದೆ ನಡೆಯುತ್ತಿದೆ. ಕುಮಾರಧಾರೆಯ ಈಚೆಯವರು ಆಚೆ ಬಿಡುತ್ತಾರೆ, ಆಚೆಯವರು ಈಚೆ ಬಿಡುತ್ತಾರೆ. ಪಯಸ್ವಿನಿಯ ದಡದವರೂ ಹಾಗೆಯೇ. ಹೊಳೆ ದೂರವಿದ್ದರೆ ಮೀನು ಮಾರುಕಟ್ಟೆ, ಬಸ್ ನಿಲ್ದಾಣದ ಹಿಂಭಾಗ, ಶಾಲೆಯ ಅಂಗಳ, ರಬ್ಬರ್ ತೋಟ. ನಮ್ಮವರು ಮಸೀದಿ ಮತ್ತು ಮದ್ರಸಗಳನ್ನು ಆಯ್ದುಕೊಳ್ಳುವುದಕ್ಕೆ ಕಾರಣವಿದೆ: ಅಲ್ಲಾಹನ ಮನೆಯ ಬಾಗಿಲಲ್ಲಿ ಯಾರಾದರೂ ಕರುಣೆ ತೋರಿಯಾರು ಎಂಬ ಭರವಸೆ. ಆ ಭರವಸೆಯನ್ನು ನಾವು ಹಳಿಯುವುದಿಲ್ಲ. ಆದರೆ ಕರುಣೆ ತೋರಬೇಕಾದ ಆ ‘ಯಾರಾದರೂ’ ನಾವೇ ಏಕಾಗಬಾರದು ಎಂಬ ಪ್ರಶ್ನೆಯನ್ನು ಚೀಲ ಕಟ್ಟುವ ಕೈ ತನಗೆ ತಾನೇ ಕೇಳಿಕೊಳ್ಳುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎಂದು ಗಾದೆ ಮಾಡಿದವರು ನಾವು. ಬೆಕ್ಕಿನ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡವರೂ ನಾವೇ.

ಆ ಹುಡುಗಿಯ ಪ್ರಶ್ನೆಗೆ ಮರಳೋಣ. ಇಮಾಮ್ ಬುಖಾರಿ ಮತ್ತು ಇಮಾಮ್ ಮುಸ್ಲಿಂ ಇಬ್ಬರೂ ಅಬ್ದುಲ್ಲಾಹಿಬ್ನು ಉಮರ್ (ರ) ಅವರಿಂದ ಉದ್ಧರಿಸಿದ ಆ ಹದೀಸಿನ ಸಾರವನ್ನು ನಮ್ಮಲ್ಲಿ ತಿಳಿಯದವರಿಲ್ಲ. ಒಬ್ಬ ಸ್ತ್ರೀ ಬೆಕ್ಕೊಂದನ್ನು ಸಾಯುವವರೆಗೆ ಬಂಧಿಸಿಟ್ಟಳು. ಆ ಕಾರಣಕ್ಕಾಗಿ ನರಕವನ್ನು ಸೇರಿದಳು. ಆಕೆಯ ಅಪರಾಧವನ್ನು ಪ್ರವಾದಿವರ್ಯರು (ಸ) ಎರಡು ಭಾಗವಾಗಿ ವಿವರಿಸಿದ್ದಾರೆ ಎಂಬುದನ್ನು ಗಮನಿಸಬೇಕು. ಆಕೆ ಅದಕ್ಕೆ ಆಹಾರ ನೀರು ಕೊಡಲಿಲ್ಲ. ಭೂಮಿಯ ಮೇಲಿನ ಹುಳಹುಪ್ಪಟೆಗಳನ್ನು ತಿಂದು ಬದುಕಲು ಬಿಡಲೂ ಇಲ್ಲ. ಹಾಗಾದರೆ ಪಾರಾಗಲು ಎರಡು ದಾರಿಗಳಿದ್ದವು: ಸಾಕುವುದು, ಇಲ್ಲವೇ ಬಿಡುವುದು. ಚೀಲ ತರುವವರು ತಾವು ಎರಡನೆಯ ದಾರಿಯನ್ನು ಹಿಡಿದೆವು ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ನಾವು ಕೊಲ್ಲಲಿಲ್ಲವಲ್ಲ, ಬಿಟ್ಟೆವಲ್ಲ ಎನ್ನುತ್ತಾರೆ.

ಇಲ್ಲಿಯೇ ನಮ್ಮ ತಪ್ಪು ಅಡಗಿದೆ. ಹದೀಸಿನಲ್ಲಿ ಹೇಳಿದ ಬಿಡುವಿಕೆ ಎಂದರೆ ತನ್ನ ಆಹಾರವನ್ನು ತಾನೇ ಹುಡುಕಬಲ್ಲ ಪ್ರಾಣಿಯನ್ನು ಅದರ ಪಾಡಿಗೆ ಬಿಡುವುದು. ಬೆಕ್ಕಿನ ಮರಿ ಕಣ್ಣು ತೆರೆಯುವುದಕ್ಕೇ ಒಂದು ವಾರದಿಂದ ಹತ್ತು ದಿನ ಬೇಕು. ನಾಲ್ಕು ವಾರ ತುಂಬುವವರೆಗೆ ಅದಕ್ಕೆ ತಾಯಿಯ ಹಾಲೇ ಗತಿ. ಮೊದಲ ವಾರಗಳಲ್ಲಿ ತನ್ನ ಮೈಯ ಶಾಖವನ್ನು ಕಾಪಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ತಾಯಿಯಿಂದ ಕಲಿಯದ ಮರಿ ಬೇಟೆಯಲ್ಲಿಯೂ ಹಿಂದೆ ಬೀಳುತ್ತದೆ. ಅಂಥ ಮರಿಯನ್ನು ಕರಾವಳಿ ಸೆರಗಿನ ಜೂನ್ ಮಳೆಯಲ್ಲಿ ಗೋಣಿಯೊಳಗೆ ಬಿಟ್ಟು ಬರುವುದನ್ನು ಬಿಡುಗಡೆ ಎಂದು ಕರೆಯುವುದಾದರೆ, ಹಸುಗೂಸನ್ನು ಸಂತೆಯಲ್ಲಿ ಬಿಟ್ಟು ಬಂದವರೂ ಅದನ್ನು ಸ್ವತಂತ್ರಗೊಳಿಸಿದೆವು ಎನ್ನಬಹುದು. ನಾವು ಬೆಕ್ಕನ್ನು ಕಟ್ಟಿಹಾಕುವುದಿಲ್ಲ, ನಿಜ. ಅದರ ಅಸಹಾಯಕತೆಯೇ ಅದಕ್ಕೆ ಹಗ್ಗ.

ಬೆಕ್ಕಿಗೂ ಮನೆಗೂ ಇರುವ ನಂಟನ್ನು ತಿಳಿಸುವ ಇನ್ನೊಂದು ಹದೀಸ್ ಇದೆ; ನಮ್ಮ ಉಪನ್ಯಾಸಗಳಲ್ಲಿ ಅದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಕಅಬ್ ಇಬ್ನು ಮಾಲಿಕ್ (ರ) ಅವರ ಮಗಳು ಕಬ್‌ಶಾ, ತನ್ನ ಮಾವ ಅಬೂ ಖತಾದ (ರ) ಅವರಿಗೆ ವುಝೂವಿಗಾಗಿ ನೀರು ಹೊಯ್ದು ಕೊಟ್ಟರು. ಅಷ್ಟರಲ್ಲಿ ಬೆಕ್ಕೊಂದು ಬಂದಿತು. ಅಬೂ ಖತಾದ ಅದು ಕುಡಿಯಲೆಂದು ಪಾತ್ರೆಯನ್ನೇ ಓರೆ ಮಾಡಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡುತ್ತಿರುವುದನ್ನು ಕಂಡು, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಸುತ್ತಾಡುತ್ತಿರುವವುಗಳಲ್ಲಿ ಸೇರಿದ್ದು ಎಂದು ಪ್ರವಾದಿವರ್ಯರು (ಸ) ಹೇಳಿದ್ದನ್ನು ತಿಳಿಸಿದರು. ಅಬೂ ದಾವೂದ್, ತಿರ್ಮಿದಿ, ನಸಾಈ ಮೊದಲಾದವರು ಇದನ್ನು ದಾಖಲಿಸಿದ್ದಾರೆ. ಇಲ್ಲಿ ಬಳಸಿದ ‘ತವ್ವಾಫೀನ್’ ಎಂಬ ಪದ ಸಾಮಾನ್ಯವಾದುದಲ್ಲ. ಸೂರಃ ಅನ್ನೂರಿನ 58ನೆಯ ಸೂಕ್ತದಲ್ಲಿ, ಮನೆಯೊಳಗೆ ಸದಾ ಓಡಾಡುವ ಸೇವಕರು ಮತ್ತು ಮಕ್ಕಳು ಅನುಮತಿ ಕೇಳಬೇಕಾದ ಮೂರು ಹೊತ್ತುಗಳ ಬಗ್ಗೆ ಹೇಳುವಾಗ ಇದೇ ಧಾತುವಿನ ಪದ ಬಂದಿದೆ. ಅಂದರೆ ಬೆಕ್ಕು ಹಾದಿ ತಪ್ಪಿ ಬಂದ ಪ್ರಾಣಿಯಲ್ಲ, ಬಂದು ಹೋಗುವ ಅತಿಥಿಯೂ ಅಲ್ಲ. ಮನೆಮಂದಿಯ ಸಾಲಿನಲ್ಲಿ ನಿಂತದ್ದು.

ಶಾಫಿಈ ಮದ್‌ಹಬನ್ನು ಅನುಸರಿಸುವ ನಮ್ಮ ಮನೆಗಳಲ್ಲಿ ನಜಸಿನ ಚಿಂತೆ ಬಹಳ. ಅದು ತಪ್ಪೂ ಅಲ್ಲ. ಬೆಕ್ಕಿನ ಬಾಯಿ ತಾಗಿದ ನೀರು, ಆಹಾರ ಶುದ್ಧ. ಅದು ಇಲಿ ತಿಂದದ್ದನ್ನು ಕಣ್ಣಾರೆ ಕಂಡಿದ್ದರೂ, ನಡುವೆ ಅದು ನಮ್ಮ ಕಣ್ಮರೆಯಾಗಿ ಎಲ್ಲಾದರೂ ನೀರು ಕುಡಿದಿರುವ ಸಾಧ್ಯತೆ ಇದ್ದರೆ ಆ ಬಳಿಕ ಅದು ಬಾಯಿ ಹಾಕಿದ ನೀರು ಅಶುದ್ಧವಾಗುವುದಿಲ್ಲ ಎಂದು ಫಿಖ್‌ಹಿನ ಗ್ರಂಥಗಳು ಹೇಳುತ್ತವೆ. ಉದುರಿದ ಕೂದಲಿನ ವಿಷಯದಲ್ಲಿ ಮದ್‌ಹಬಿನ ನಿಲುವು ಬಿಗಿಯಾದದ್ದಾದರೂ ಅಲ್ಪ ಪ್ರಮಾಣಕ್ಕೆ ರಿಯಾಯಿತಿ ಇದೆ. ಮೂತ್ರ, ಮಲ ನಜಸೇ, ತೊಳೆಯಬೇಕು. ಮಸೀದಿಯ ಚಾಪೆಯ ಮೇಲೆ ಬೆಕ್ಕು ಮೂತ್ರ ಮಾಡಿದರೆ ಆಡಳಿತ ಸಮಿತಿಯವರು ಸಿಡಿಮಿಡಿಗೊಳ್ಳುವುದು ಸಹಜ. ಅದಕ್ಕೆ ಪರಿಹಾರ ರಾತ್ರಿ ಬಾಗಿಲು ಕಿಟಕಿಗಳನ್ನು ಮುಚ್ಚುವುದು, ಹೊರಗೆ ಮರಳಿನ ಒಂದು ಮೂಲೆಯನ್ನು ಬಿಟ್ಟುಕೊಡುವುದು. ಮರಳು ಕಂಡರೆ ಬೆಕ್ಕು ಚಾಪೆಯ ಗೊಡವೆಗೆ ಬರುವುದು ಕಡಿಮೆ. ತನ್ನ ಹೊಲಸನ್ನು ತಾನೇ ಮಣ್ಣೆಳೆದು ಮುಚ್ಚುವ ಪ್ರಾಣಿಗೆ ನಾವು ಶುಚಿತ್ವದ ಪಾಠ ಹೇಳಬೇಕಾಗಿಲ್ಲ.

ಪ್ರಸಂಗವಶಾತ್ ಒಂದು ಮಾತು. ಪ್ರವಾದಿವರ್ಯರ (ಸ) ಬಳಿ ಮುಅಝ್ಝಾ ಎಂಬ ಬೆಕ್ಕಿತ್ತು, ಅದು ಅಂಗಿಯ ತೋಳಿನ ಮೇಲೆ ಮಲಗಿದಾಗ ಎಬ್ಬಿಸಲಾಗದೆ ತೋಳನ್ನೇ ಕತ್ತರಿಸಿದರು ಎಂಬ ಕಥೆ ವಾಟ್ಸಾಪಿನಲ್ಲಿ ವರ್ಷಕ್ಕೆ ನಾಲ್ಕು ಬಾರಿಯಾದರೂ ನಮಗೆ ಬರುತ್ತದೆ. ವಿಶ್ವಾಸಾರ್ಹ ಹದೀಸ್ ಗ್ರಂಥಗಳಲ್ಲಿ ಈ ಕಥೆ ಇಲ್ಲ. ಇಂಥದ್ದೇ ಘಟನೆಯನ್ನು ಇಮಾಮ್ ದಹಬೀ ಅವರು ಶೈಖ್ ಅಹ್ಮದುಲ್ ರಿಫಾಈ ಅವರ ಚರಿತ್ರೆಯಲ್ಲಿ ಬರೆದಿದ್ದಾರೆ: ನಮಾಝಿನ ಹೊತ್ತಾದಾಗ ಮಲಗಿದ್ದ ಬೆಕ್ಕನ್ನು ಎಬ್ಬಿಸದೆ ತೋಳನ್ನು ಕತ್ತರಿಸಿ, ಬೆಕ್ಕು ಎದ್ದುಹೋದ ಮೇಲೆ ಮತ್ತೆ ಹೊಲಿದುಕೊಂಡರಂತೆ. ರಿಫಾಈ ರಾತೀಬ್ ನಡೆಯುವ ನಮ್ಮ ನಾಡಿನಲ್ಲಿ ಆ ಮಹನೀಯರ ಹೆಸರು ಅಪರಿಚಿತವಲ್ಲ. ಅವರ ಬೆಕ್ಕು ಮಾತ್ರ ಅಪರಿಚಿತವಾಗಿ ಉಳಿದಿದೆ. ನಬಿಯವರ (ಸ) ಹೆಸರಿನಲ್ಲಿ ಹೇಳಲು ದೃಢವಾದ ಹದೀಸುಗಳು ಬೇಕಾದಷ್ಟಿರುವಾಗ ಆಧಾರವಿಲ್ಲದ್ದನ್ನು ಹರಡುವ ಅಗತ್ಯವೇನು? ಅಬೂ ಹುರೈರಾ (ರ) ಅವರ ಉಪನಾಮವೇ ನಮಗೆ ಸಾಕು. ಮನೆಯವರ ಆಡುಗಳನ್ನು ಮೇಯಿಸುತ್ತಿದ್ದ ಕಾಲದಲ್ಲಿ ತಮ್ಮಲ್ಲೊಂದು ಪುಟ್ಟ ಬೆಕ್ಕಿತ್ತು, ಹಗಲು ಅದರೊಂದಿಗೆ ಆಡುತ್ತಿದ್ದೆ, ರಾತ್ರಿ ಮರದ ಮೇಲೆ ಇಡುತ್ತಿದ್ದೆ ಎಂದು ಅವರೇ ಹೇಳಿದ್ದು ತಿರ್ಮಿದಿಯಲ್ಲಿದೆ. ಅತಿ ಹೆಚ್ಚು ಹದೀಸುಗಳನ್ನು ಉದ್ಧರಿಸಿದ ಸ್ವಹಾಬಿಯನ್ನು ಇಡೀ ಸಮುದಾಯ ಸಾವಿರದ ನಾಲ್ಕುನೂರು ವರ್ಷಗಳಿಂದ ಬೆಕ್ಕಿನ ಮರಿಯ ಹೆಸರಿನಿಂದ ಕರೆಯುತ್ತಿದೆ.

ಇನ್ನು ನಮ್ಮ ಊರಿನ ಸಂಗತಿ. ಬೆಳಗ್ಗೆ ಮೀನಿನವರ ಸ್ಕೂಟರಿನ ಹಾರ್ನ್ ತಿರುವಿನಲ್ಲಿ ಕೇಳಿಸಿದರೆ ಸಾಕು, ಮನುಷ್ಯರಿಗಿಂತ ಮುಂಚೆ ಬೆಕ್ಕುಗಳು ಗೇಟಿನ ಬಳಿ ಹಾಜರು. ತುಳುವಿನಲ್ಲಿ ‘ಪುಚ್ಚೆ’ ಎಂದು ಕರೆದರೂ ಬರುತ್ತವೆ, ಕರೆಯದಿದ್ದರೂ ಬರುತ್ತವೆ. ಅಡಿಕೆ, ತೆಂಗು, ಕೊಕ್ಕೊ ಬೆಳೆಯುವ ಈ ಸೀಮೆಯಲ್ಲಿ ಇಲಿಯ ಕಾಟ ತಿಳಿಯದ ಮನೆಯಿಲ್ಲ. ಕೊಕ್ಕೊ ಕಾಯನ್ನು ಕೊರೆದು ಬೀಜ ತಿನ್ನುವುದು ಇಲಿ ಮತ್ತು ಅಳಿಲು. ಮಳೆಗಾಲದಲ್ಲಿ ಜನರನ್ನು ಕಾಡುವ ಇಲಿ ಜ್ವರ ಹರಡುವುದು ಬಹುಪಾಲು ಇಲಿಯ ಮೂತ್ರ ಬೆರೆತ ನೀರು, ಕೆಸರಿನಿಂದ. ಹಿಂದೆ ಅಟ್ಟದಲ್ಲಿ ಅಡಿಕೆ, ಪತ್ತಾಯದಲ್ಲಿ ಭತ್ತ ಇದ್ದಾಗ ಬೆಕ್ಕು ಮನೆಯ ಕೆಲಸಗಾರ. ಈಗ ಪತ್ತಾಯ ಹೋಯಿತು, ಟೈಲ್ಸ್ ನೆಲ ಬಂತು, ಬೆಕ್ಕಿನ ಕೆಲಸವನ್ನು ಇಲಿಪಾಷಾಣಕ್ಕೆ ವಹಿಸಿದೆವು. ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯಬಹುದು ಎಂಬುದು ಹಲವರ ಗಮನಕ್ಕೆ ಬಂದಿಲ್ಲ. ಮಾಣಿಯಿಂದ ಪುತ್ತೂರು, ಸುಳ್ಯದ ಮೂಲಕ ಮಡಿಕೇರಿಯತ್ತ ಸಾಗುವ ಹೆದ್ದಾರಿಯಲ್ಲಿ ಬೆಳಗಿನ ಹೊತ್ತು ಪ್ರಯಾಣಿಸುವವರು ಡಾಂಬರಿಗೆ ಅಂಟಿಕೊಂಡ ರೋಮದ ತುಂಡುಗಳನ್ನು ಕಂಡಿರುತ್ತಾರೆ.

ಅದೇ ಹೆದ್ದಾರಿಯಲ್ಲಿ ಬೆಕ್ಕು ಅಡ್ಡ ಹಾಯ್ದಿತೆಂದು ಕಾರು ನಿಲ್ಲಿಸಿ, ಮತ್ತೊಂದು ವಾಹನ ಮುಂದೆ ಹೋಗಲೆಂದು ಕಾಯುವ ನಮ್ಮವರನ್ನೂ ನಾವು ಕಂಡಿದ್ದೇವೆ. ಶಕುನ ನೋಡುವುದನ್ನು ಪ್ರವಾದಿವರ್ಯರು (ಸ) ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ಬೆಕ್ಕು ದಾಟಿ ಹೋಗಲೆಂದು ನಿಲ್ಲಿಸುವುದು ಪುಣ್ಯ. ದಾಟಿದ್ದಕ್ಕಾಗಿ ನಿಲ್ಲಿಸುವುದು ಅಜ್ಞಾನ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ ಎಂಬುದೇ ತಮಾಷೆ.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಪಿಡುಗು ಸೇರಿಕೊಂಡಿದೆ. ಗಲ್ಫಿನಿಂದ ರಜೆಗೆ ಬಂದ ತಂದೆ ಮಕ್ಕಳ ಹಟಕ್ಕೆ ಸೋತು ಪರ್ಶಿಯನ್ ಬೆಕ್ಕನ್ನು ಕೊಂಡು ತರುತ್ತಾರೆ. ರಜೆ ಮುಗಿದು ಅವರು ವಿಮಾನ ಹತ್ತುತ್ತಾರೆ. ಬೆಕ್ಕಿನ ಉದ್ದ ಕೂದಲು ನಮ್ಮ ತೇವದಲ್ಲಿ ಗಂಟುಗಟ್ಟುತ್ತದೆ, ಉದುರುತ್ತದೆ, ಮಗುವಿಗೆ ಕೆಮ್ಮು ಬರುತ್ತದೆ. ಒಂದು ದಿನ ಅದೂ ಮೀನು ಮಾರುಕಟ್ಟೆಯ ಮೂಲೆಯಲ್ಲಿ ಪ್ರತ್ಯಕ್ಷವಾಗುತ್ತದೆ. ತನ್ನ ಮೈಯನ್ನು ತಾನು ಬಾಚಿಕೊಳ್ಳಲಾಗದ, ಬೀದಿಯ ಬೆಕ್ಕುಗಳ ಎದುರು ನಿಲ್ಲಲಾಗದ ಪ್ರಾಣಿ ಅದು. ಬೆಕ್ಕಿನ ಬೆಲೆಯನ್ನು ನಿಷೇಧಿಸಿದ ಹದೀಸೊಂದು ಜಾಬಿರ್ (ರ) ಅವರಿಂದ ಸಹೀಹ್ ಮುಸ್ಲಿಮಿನಲ್ಲಿದೆ. ನಮ್ಮ ಮದ್‌ಹಬಿನ ಇಮಾಮರುಗಳು ಅದನ್ನು ಉಪಯೋಗವಿಲ್ಲದ ಕಾಡುಬೆಕ್ಕಿಗೆ ಸಂಬಂಧಿಸಿದ್ದೆಂದೋ, ಬೆಕ್ಕನ್ನು ಜನ ಉಚಿತವಾಗಿ ಕೊಡುವ ಔದಾರ್ಯ ಬೆಳೆಯಲೆಂಬ ಆಶಯದ್ದೆಂದೋ ವಿವರಿಸಿ, ಸಾಕುಬೆಕ್ಕಿನ ಮಾರಾಟವನ್ನು ಅನುಮತಿಸಿದ್ದಾರೆ. ಹರಾಮ್ ಎಂದು ನಾವು ಹೇಳುತ್ತಿಲ್ಲ. ಆದರೆ ಆ ಔದಾರ್ಯದ ಮಾತು ನಮಗೆ ಇಷ್ಟವಾಗಿದೆ. ಮಗುವಿಗೆ ಬೆಕ್ಕು ಬೇಕಾದರೆ ಮದ್ರಸದ ಗೇಟಿನ ಬಳಿ ಬೆಲೆಯಿಲ್ಲದೆ ಸಿಗುತ್ತದೆ.

ಕೆಲವರು ಮರಿಗಳನ್ನು ಊರಿನಲ್ಲಿ ಬಿಡದೆ ಕಾಡಿನಂಚಿಗೆ ಒಯ್ಯುತ್ತಾರೆ. ಸುಬ್ರಹ್ಮಣ್ಯದ ಕಡೆಗೆ, ಸುಳ್ಯದ ಗಡಿಯ ಕಡೆಗೆ ಕಾಡಿಗೇನು ಕೊರತೆಯಿಲ್ಲ. ಕಾಡಿನಲ್ಲಿ ಬದುಕಿಕೊಳ್ಳುತ್ತದೆ ಎಂಬ ಊಹೆ. ಹೆಚ್ಚಿನವು ಬದುಕುವುದಿಲ್ಲ, ಹಸಿವು, ರೋಗ, ಚಿರತೆ, ಹೆಬ್ಬಾವುಗಳ ಪಾಲಾಗುತ್ತವೆ. ಬದುಕಿದವುಗಳಿಂದ ಬೇರೆ ತೊಂದರೆ. ಅವು ಕಾಡುಬೀಳುತ್ತವೆ, ಮನುಷ್ಯನನ್ನು ಕಂಡರೆ ಓಡುತ್ತವೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು, ಓತಿ ಅರಣೆಗಳನ್ನು ತಿಂದು ಮುಗಿಸುತ್ತವೆ. ಕಾಡಿನ ಸ್ವಂತ ಬೆಕ್ಕುಗಳಿಗೆ ಊರಿನ ರೋಗಗಳನ್ನು ಅಂಟಿಸಬಲ್ಲವು. ಭೂಮಿಯ ಮೇಲೆ ನಡೆಯುವ ಪ್ರಾಣಿಗಳೂ ಎರಡು ರೆಕ್ಕೆಗಳಲ್ಲಿ ಹಾರುವ ಪಕ್ಷಿಗಳೂ ನಿಮ್ಮಂಥ ಸಮುದಾಯಗಳೇ ಎಂದು ಅಲ್ಲಾಹನು ಸೂರಃ ಅಲ್ ಅನ್‌ಆಮಿನ 38ನೆಯ ಸೂಕ್ತದಲ್ಲಿ ತಿಳಿಸಿದ್ದಾನೆ. ಬೆಕ್ಕೂ ಹಕ್ಕಿಯೂ ಒಂದೇ ಸೂಕ್ತದೊಳಗಿವೆ. ಒಂದರ ಮೇಲಿನ ಕರುಣೆಯ ಹೆಸರಿನಲ್ಲಿ ಇನ್ನೊಂದರ ಮೇಲೆ ವಿಪತ್ತನ್ನು ಹೊರಿಸುವ ಹಕ್ಕು ನಮಗಿಲ್ಲ.

ನೆರೆಮನೆಯ ಕೋಳಿಮರಿಗಳ ಪ್ರಶ್ನೆಯೂ ಇದೆ. ದರ್ಸಿನಲ್ಲಿ ‘ಮಿನ್‌ಹಾಜ್’ ಓದಿದವರಿಗೆ ನೆನಪಿರಬಹುದು: ಹಕ್ಕಿಗಳನ್ನೋ ಆಹಾರವನ್ನೋ ನಾಶ ಮಾಡುವ ಅಭ್ಯಾಸವಿದೆ ಎಂದು ತಿಳಿದ ಬೆಕ್ಕು ಹಾನಿ ಮಾಡಿದರೆ, ಹಗಲಾಗಲಿ ರಾತ್ರಿಯಾಗಲಿ, ಅದರ ಮಾಲಕ ಪರಿಹಾರ ಕೊಡಬೇಕು ಎಂಬುದೇ ಪ್ರಬಲ ಅಭಿಪ್ರಾಯವೆಂದು ಇಮಾಮ್ ನವವೀ ಬರೆದಿದ್ದಾರೆ. ಏಳುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ಇಮಾಮರು ಬೆಕ್ಕಿನ ಹೊಣೆಯ ಬಗ್ಗೆ ಇಷ್ಟು ನಿಖರವಾಗಿ ಯೋಚಿಸಿದ್ದರು. ಸಾಕಿದವನು ಉಣಿಸಬೇಕು, ಅದರಿಂದಾದ ಹಾನಿಯನ್ನೂ ತುಂಬಿಕೊಡಬೇಕು. ಆ ಹೊಣೆಯಿಂದ ತಪ್ಪಿಸಿಕೊಳ್ಳಲು ಕಂಡುಕೊಂಡ ಸುಲಭದ ದಾರಿಯೇ ಗೋಣಿಚೀಲ.

ಇಮಾಮ್ ನವವೀ ತೀರಿಕೊಂಡದ್ದು 1277ರಲ್ಲಿ. ಅದೇ ವರ್ಷ ತೀರಿಕೊಂಡ ಸುಲ್ತಾನ್ ಬೈಬರ್ಸನನ್ನು ಅವರು ಬದುಕಿರುವಾಗ ಪ್ರಜೆಗಳ ಮೇಲಿನ ಹೊರೆಯ ವಿಷಯದಲ್ಲಿ ನಿರ್ಭೀತಿಯಿಂದ ಎಚ್ಚರಿಸಿದ್ದು ಪ್ರಸಿದ್ಧ. ಆ ಬೈಬರ್ಸನೇ ಕೈರೋದಲ್ಲಿ ಬೆಕ್ಕುಗಳ ಆಹಾರಕ್ಕೆಂದು ಒಂದು ತೋಟವನ್ನು ವಕ್ಫ್ ಮಾಡಿದನೆಂದು ಹೇಳಲಾಗುತ್ತದೆ. 1830ರ ದಶಕದಲ್ಲಿ ಕೈರೋದಲ್ಲಿದ್ದ ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್, ಅಸರಿನ ಹೊತ್ತಿಗೆ ಖಾಝಿಯ ನ್ಯಾಯಾಲಯದ ಅಂಗಳದಲ್ಲಿ ಬೆಕ್ಕುಗಳಿಗೆ ಮಾಂಸದ ಚೂರುಗಳನ್ನು ಹಾಕುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಸ್ತಾಂಬುಲಿನಲ್ಲಿ ಇಂದಿಗೂ ಅಂಗಡಿಯವರು ಬಾಗಿಲ ಬಳಿ ಬೆಕ್ಕಿಗೆ ನೀರು ಇಡುತ್ತಾರೆ. ಆ ಊರಿನ ಬೆಕ್ಕುಗಳ ಮೇಲೆ 2016ರಲ್ಲಿ ‘ಕೆಡಿ’ ಎಂಬ ಸಾಕ್ಷ್ಯಚಿತ್ರವೇ ಬಂತು. ವ್ಯಾಕರಣ ಕಲಿತವರಿಗೆ ಪರಿಚಿತರಾದ ಇಬ್ನು ಬಾಬಶಾದ್ ಅವರ ಕಥೆಯನ್ನು ಇಬ್ನು ಖಲ್ಲಿಕಾನ್ ಹೇಳುತ್ತಾರೆ. ಮಸೀದಿಯ ಮಾಳಿಗೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಬೆಕ್ಕೊಂದು ಬಂದು ಕೊಟ್ಟ ತುತ್ತನ್ನು ಕಚ್ಚಿಕೊಂಡು ಹೋಗುತ್ತಿತ್ತು, ಮತ್ತೆ ಮತ್ತೆ ಬರುತ್ತಿತ್ತು. ಹಿಂಬಾಲಿಸಿ ನೋಡಿದರೆ ಕುರುಡು ಬೆಕ್ಕೊಂದಕ್ಕೆ ಅದು ಉಣಿಸುತ್ತಿತ್ತು. ಮೂಕಪ್ರಾಣಿಗೆ ಹೀಗೆ ಅನ್ನ ತಲುಪಿಸುವವನು ನನ್ನನ್ನು ಕೈಬಿಡುವನೇ ಎಂದು ಅವರು ಸರಕಾರಿ ಹುದ್ದೆಯನ್ನೇ ತೊರೆದರು. ಈ ಕಥೆಯನ್ನು ತವಕ್ಕುಲಿನ ಪಾಠವಾಗಿ ಎಲ್ಲರೂ ಹೇಳುತ್ತಾರೆ. ನಮಗೆ ಮಾತ್ರ ಪ್ರತಿ ಸಲವೂ ಆ ತುತ್ತು ಹೊತ್ತ ಬೆಕ್ಕೇ ಹೆಚ್ಚು ನೆನಪಾಗುತ್ತದೆ.

ದೇಶದ ಕಾನೂನಿನಲ್ಲಿಯೂ ಇದು ಅಪರಾಧ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಯೋಗ್ಯ ಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು ಶಿಕ್ಷಾರ್ಹ. ಮೊದಲ ಸಲದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಐವತ್ತು ರೂಪಾಯಿಗೆ ಇಂದು ಅರ್ಧ ಕಿಲೋ ಬೂತಾಯಿಯೂ ಸಿಗುವುದು ಕಷ್ಟ. ಬೆದರಿಸಲು ಇದು ಸಾಲದು. ನಮ್ಮನ್ನು ತಡೆಯಬೇಕಾದದ್ದು ಈ ದಂಡವೂ ಅಲ್ಲ.

ಹಾಗಾದರೆ ಏನು ಮಾಡಬೇಕು? ಮನೆಯ ಹೆಣ್ಣುಮಕ್ಕಳು ನಮ್ಮನ್ನು ಕೇಳುವ ಪ್ರಶ್ನೆ ಇದು, ಮತ್ತು ನ್ಯಾಯವಾದ ಪ್ರಶ್ನೆ. “ಉಸ್ತಾದರೇ, ಹದೀಸ್ ನಮಗೂ ಗೊತ್ತು. ವರ್ಷಕ್ಕೆ ಎರಡು ಮೂರು ಸಲ ನಾಲ್ಕು ನಾಲ್ಕು ಮರಿ ಹಾಕಿದರೆ ಯಾರು ಸಾಕುವುದು? ಕೂಡಿಸಿ ಗುಡಿಸುವವರು ನಾವು” ಎಂದು ಒಬ್ಬ ಹಿರಿಯ ಉಮ್ಮ ನಮಗೆ ನೇರವಾಗಿಯೇ ಹೇಳಿದರು. ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ. ಹೆಣ್ಣು ಬೆಕ್ಕು ಐದಾರು ತಿಂಗಳಲ್ಲೇ ಗರ್ಭ ಧರಿಸಬಲ್ಲದು. ಗರ್ಭಾವಧಿ ಸುಮಾರು ಒಂಬತ್ತು ವಾರ. ಉಪದೇಶದಿಂದ ಈ ಲೆಕ್ಕ ಬದಲಾಗುವುದಿಲ್ಲ. ಇದಕ್ಕಿರುವ ವೈದ್ಯಕೀಯ ಉತ್ತರ ಸಂತಾನಹರಣ ಶಸ್ತ್ರಚಿಕಿತ್ಸೆ. ಇಲ್ಲಿ ನಾವು ನಮ್ಮ ಓದುಗರ ಮುಂದೆ ಪ್ರಾಮಾಣಿಕವಾಗಿರಬೇಕು, ಏಕೆಂದರೆ ಈ ವಿಷಯದಲ್ಲಿ ಫಿಖ್‌ಹಿನ ತೊಡಕಿದೆ.

ಮಾಂಸಕ್ಕೆ ಬಳಸದ ಪ್ರಾಣಿಗಳ ಬೀಜ ಒಡೆಯುವುದು ನಿಷಿದ್ಧ ಎಂಬುದು ಇಮಾಮ್ ನವವೀ ದಾಖಲಿಸಿದ ಶಾಫಿಈ ನಿಲುವು. ಪ್ರಾಣಿಗೆ ಆಗುವ ನೋವು, ಸೃಷ್ಟಿಯನ್ನು ಬದಲಿಸುವ ದೋಷ, ಸಂತತಿಯನ್ನು ಕಡಿಯುವುದು, ಇವು ಈ ಚರ್ಚೆಯಲ್ಲಿ ಬರುವ ಕಾರಣಗಳು. ಹನಫೀ ಮದ್‌ಹಬಿನ ‘ಅದ್ದುರ್ರುಲ್ ಮುಖ್ತಾರ್’ ಗ್ರಂಥ ಪ್ರಯೋಜನವಿದ್ದರೆ ಪ್ರಾಣಿಗಳಿಗೆ ಇದನ್ನು ಮಾಡಬಹುದೆಂದು ಹೇಳಿ, ಬೆಕ್ಕನ್ನು ಹೆಸರೆತ್ತಿ ಸೇರಿಸಿದೆ. ನಮ್ಮ ಕಾಲದ ಹಲವು ವಿದ್ವಾಂಸರು, ಬೆಕ್ಕುಗಳು ಮಿತಿಮೀರಿ ತೊಂದರೆಯಾಗುತ್ತಿದ್ದರೆ, ಪ್ರಾಣಿಗೆ ಅಪಾಯವಿಲ್ಲದ ಶಸ್ತ್ರಚಿಕಿತ್ಸೆಗೆ ಅನುಮತಿ ಇತ್ತಿದ್ದಾರೆ. ಹಳೆಯ ಗ್ರಂಥಗಳ ಕಾಲದಲ್ಲಿ ಇದು ಅರಿವಳಿಕೆಯಿಲ್ಲದೆ ನಡೆಯುತ್ತಿದ್ದ ಕ್ರೂರ ಕ್ರಿಯೆ. ಇಂದು ಪ್ರಾಣಿ ಮಲಗಿ ಏಳುತ್ತದೆ, ಒಂದೆರಡು ದಿನಗಳಲ್ಲಿ ತಿರುಗಾಡುತ್ತದೆ. ನೋವಿನ ಕಾರಣ ಬಹುಮಟ್ಟಿಗೆ ಹೋಯಿತು, ಉಳಿದ ಕಾರಣಗಳು ಹೋಗಲಿಲ್ಲ. ನಾವು ಮುಫ್ತಿಗಳಲ್ಲ, ಮದ್ರಸದ ಅಧ್ಯಾಪಕರು. ಫತ್ವಾ ಕೊಡುವುದು ನಮ್ಮ ಕೆಲಸವಲ್ಲ. ಆದರೆ ಒಂದು ಮಾತನ್ನು ಹೇಳದೆ ಇರಲಾರೆವು. ಮರಿಗಳನ್ನು ಹಸಿವಿಗೆ ಒಡ್ಡಿ ಸಾಯಿಸುವುದು ಪಾಪ ಎಂಬುದರಲ್ಲಿ ಯಾವ ಮದ್‌ಹಬಿನಲ್ಲಿಯೂ ಭಿನ್ನಾಭಿಪ್ರಾಯವಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಭಿನ್ನಾಭಿಪ್ರಾಯವಿದೆ. ಭಿನ್ನಾಭಿಪ್ರಾಯವಿರುವುದರಿಂದ ಮೈಗಳ್ಳತನದಿಂದ ದೂರ ನಿಂತು, ಭಿನ್ನಾಭಿಪ್ರಾಯವೇ ಇಲ್ಲದ ಪಾಪವನ್ನು ಪ್ರತಿ ಮಳೆಗಾಲವೂ ಮಾಡುತ್ತಿರುವುದು ಯಾವ ಬಗೆಯ ಸೂಕ್ಷ್ಮತೆ? ಎರಡು ಹಾನಿಗಳು ಎದುರಾದಾಗ ಹಗುರವಾದುದನ್ನು ಆಯ್ದುಕೊಳ್ಳಬೇಕೆಂಬ ಸೂತ್ರವನ್ನು ಮುತಅಲ್ಲಿಮರು ಬಾಯಿಪಾಠ ಮಾಡುತ್ತಾರೆ. ನಮ್ಮ ಖಾಝಿಗಳೂ ಮುದರ್ರಿಸರೂ ಪಶುವೈದ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಸೂತ್ರವನ್ನು ಗೋಣಿಚೀಲದ ಮೇಲಿಟ್ಟು ನೋಡಬೇಕು. ಉತ್ತರ ಏನೇ ಬರಲಿ, ಶುಕ್ರವಾರ ಮಿಂಬರಿನಿಂದ ಹೇಳಬೇಕು. ಹಾಗೆ ಹೇಳದಿರುವುದರಿಂದಲೇ ಜನರು ಹೊಳೆಯ ದಾರಿ ಹಿಡಿದಿದ್ದಾರೆ.

ಸೌಕರ್ಯಗಳೂ ಬೇಕು. ಬೆಕ್ಕಿನ ಶಸ್ತ್ರಚಿಕಿತ್ಸೆಗೆಂದು ಮಂಗಳೂರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಪಂಜರ ಹೊತ್ತು ಹೋಗಿ ಬಂದ ಪುತ್ತೂರಿನವರನ್ನು ನಾವು ಬಲ್ಲೆವು. ಸುಳ್ಯದವರಿಗೆ ದಾರಿ ಇನ್ನೂ ದೂರ. ತಾಲೂಕಿನ ಪಶು ಆಸ್ಪತ್ರೆಗಳಿಗೆ ದನ, ಆಡುಗಳ ಕೆಲಸವೇ ಮುಗಿಯುವುದಿಲ್ಲ. ಜಮಾಅತುಗಳು, ಯುವಕ ಮಂಡಲಗಳು, ಎಲ್ಲ ಸಮುದಾಯದ ಸಂಘಗಳು ಸೇರಿ ಪಶುಸಂಗೋಪನಾ ಇಲಾಖೆಯ ಮುಂದೆ ವರ್ಷಕ್ಕೆರಡು ಶಿಬಿರಗಳ ಬೇಡಿಕೆ ಇಡಬಹುದು. ರಕ್ತದಾನ ಶಿಬಿರಗಳನ್ನು ಇಷ್ಟು ಅಚ್ಚುಕ್ಟಾಗಿ ನಡೆಸುವ ನಮ್ಮ ಯುವಕರಿಗೆ ಇದು ಅಸಾಧ್ಯವಲ್ಲ. ಅಲ್ಲಿಯವರೆಗೆ ಮಾಡಬಹುದಾದ ಸಣ್ಣ ಕೆಲಸಗಳಿವೆ. ಮರಿಗಳಿಗೆ ಎರಡು ತಿಂಗಳಾಗುವವರೆಗೆ ತಾಯಿಯ ಜೊತೆ ಬಿಡಿ. ಆಮೇಲೆ ಬೇಕಾದ ಮನೆಗಳನ್ನು ಹುಡುಕಿ ಕೈಯಾರೆ ಕೊಡಿ. ಹಸುವಿನ ಹಾಲು ಅನಾಥ ಮರಿಗಳಿಗೆ ಹಿಡಿಸುವುದಿಲ್ಲ, ಭೇದಿಯಾಗುತ್ತದೆ, ಪಶುವೈದ್ಯರನ್ನು ಕೇಳಿ. ಬೆಕ್ಕು ಪರಚಿದರೆ, ಕಚ್ಚಿದರೆ ಅಸಡ್ಡೆ ಬೇಡ. ರೇಬೀಸ್ ಬೆಕ್ಕಿನಿಂದಲೂ ಬರಬಹುದು. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಸರಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಗರ್ಭಿಣಿಯರು ಬೆಕ್ಕಿನ ಮಲವನ್ನು ಮುಟ್ಟದಿರುವುದು ಒಳಿತು. ಪ್ರೀತಿಸುವುದೆಂದರೆ ಎಚ್ಚರ ತಪ್ಪುವುದಲ್ಲ.

ಆ ದಿನದ ಮರಿಗಳಲ್ಲಿ ಮೂರು ವಾರದೊಳಗೆ ಸತ್ತವು. ಒಂದನ್ನು ಹುಡುಗರೇ ಮಸೀದಿಯ ಹಿಂದಿನ ಮಾವಿನ ಬುಡದಲ್ಲಿ ಹೂಳಿದರು. ಪಶುವೈದ್ಯರು ಹೇಳಿದಂತೆ ಸಿರಿಂಜಿನಲ್ಲಿ ಎರಡೆರಡು ಗಂಟೆಗೊಮ್ಮೆ ಉಣಿಸಿ ಎರಡನ್ನು ಉಳಿಸಿಕೊಂಡೆವು. ಗಂಡನ್ನು ಪ್ರಶ್ನೆ ಕೇಳಿದ ಹುಡುಗಿಯ ಮನೆಯವರು ಒಯ್ದರು. ಒಂದು ಸಂಜೆ ಆಕೆಗೆ ಉತ್ತರವನ್ನೂ ಕೊಟ್ಟೆವು: ಹೌದು, ಮಗಳೇ, ಅರಿತು ಮಾಡಿದರೆ ಅದೇ ತಪ್ಪು, ಚಿಕ್ಕವರಿದ್ದಾಗ ನಾವೂ ಮಾಡಿದ್ದೇವೆ, ಅದಕ್ಕಾಗಿ ಅಲ್ಲಾಹನಲ್ಲಿ ಕ್ಷಮೆ ಬೇಡುತ್ತಿದ್ದೇವೆ ಎಂದು. ಅವಳು ಸ್ವಲ್ಪ ಹೊತ್ತು ನಮ್ಮ ಮುಖ ನೋಡಿ, “ಆ ಮರಿಗಳು ಏನಾದವು, ಉಸ್ತಾದ್?” ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹೆಣ್ಣು ಮರಿ ಮಸೀದಿಯ ಸೌದೆ ಕೊಟ್ಟಿಗೆಯಲ್ಲಿ ಬೆಳೆಯುತ್ತಿದೆ. ಲೆಕ್ಕ ಹಾಕಿದರೆ ಅಕ್ಟೋಬರ್ ಕಳೆಯುವಷ್ಟರಲ್ಲಿ ಅದಕ್ಕೆ ಐದು ತಿಂಗಳು ತುಂಬುತ್ತದೆ. ಅಷ್ಟರೊಳಗೆ ಕೂತು ಮಾತಾಡೋಣ ಎಂದು ನಾವು ನಮ್ಮ ಖತೀಬರಿಗೂ ಸಮಿತಿಯ ಅಧ್ಯಕ್ಷರಿಗೂ ಪತ್ರ ಬರೆದು ಕೊಟ್ಟಿದ್ದೇವೆ.